ಬ್ಯಾಡಗಿ ಪೇಟೆಯಲ್ಲಿ ನಾನು ಸಂಪಾದಿಸಿದವರು

ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಮ್ಮದು ಮೂರು ತಲೆಮಾರಿನ ಒಣಮೆಣಸಿನಕಾಯಿ ದಲಾಲಿ ಅಂಗಡಿ. ಅಜ್ಜ ಹಾಕಿದ ಗಾದಿಯ ಮೇಲೆ ಅಪ್ಪ ಕುಳಿತರು, ಆಮೇಲೆ ನಾನು. ಈಗ ವ್ಯವಹಾರವನ್ನು ಮಗಳು ನೋಡಿಕೊಳ್ಳುತ್ತಾಳೆ. ಈ ವೃತ್ತಿಯಲ್ಲಿ ನನಗೆ ಸಿಕ್ಕ ಆಪ್ತರಲ್ಲಿ ಹೆಚ್ಚಿನವರು ಒಂದೋ ಎದುರಾಳಿ ದಲಾಲರು, ಇಲ್ಲವೇ ನನಗೆ ಬಾಕಿ ಕೊಡಬೇಕಾಗಿದ್ದ ಖರೀದಿದಾರರು. ಹೊರಗಿನವರಿಗೆ ವಿಚಿತ್ರ ಎನಿಸಬಹುದು, ಆದರೆ ನಮ್ಮ ವ್ಯಾಪಾರದ ನಡೆಯೇ ಹಾಗಿದೆ.

ವಾರದಲ್ಲಿ ಎರಡು ದಿನ ಇಲ್ಲಿ ಪೇಟೆ. ಹಂಗಾಮು ಏರಿದಾಗ ಧಾರವಾಡ, ಗದಗ, ಬಳ್ಳಾರಿ, ರಾಯಚೂರು, ಆಚೆ ಕರ್ನೂಲು ಕಡೆಯ ರೈತರೂ ಹಿಂದಿನ ರಾತ್ರಿಯೇ ಬಂದು ಚೀಲ ಇಳಿಸುತ್ತಾರೆ. ಬೆಳಿಗ್ಗೆ ಲಾಟ್‌ಗಳಿಗೆ ಸಂಖ್ಯೆ ಬೀಳುತ್ತದೆ. ಖರೀದಿದಾರರು ಅಂಗಡಿಯಿಂದ ಅಂಗಡಿಗೆ ಸುತ್ತಿ, ಮಾಲು ನೋಡಿ ದರ ಹಾಕುತ್ತಾರೆ. ಮೊದಲು ಚೀಟಿಯಲ್ಲಿ ಬರೆಯುತ್ತಿದ್ದರು, ಈಗ ಇ-ಟೆಂಡರ್. ಬಂದ ದರ ರೈತನಿಗೆ ಒಪ್ಪಿಗೆಯಾದರೆ ತೂಕ, ಇಲ್ಲವಾದರೆ ಮಾಲು ಮುಂದಿನ ಪೇಟೆಗೆ ಉಳಿಯುತ್ತದೆ. ತೂಕ ಮುಗಿದ ಮೇಲೆ ರೈತನಿಗೆ ಪಟ್ಟಿ, ಅಂದರೆ ಲೆಕ್ಕದ ಚೀಟಿ, ಬರೆದು ಹಣ ಎಣಿಸಬೇಕಾದವನು ದಲಾಲ. ಖರೀದಿದಾರನ ಹಣ ಬರುವುದು ಆಮೇಲೆ. ನಡುವಿನ ದಿನಗಳ ಭಾರವೆಲ್ಲ ನಮ್ಮ ತಲೆಯ ಮೇಲೆ. ಯಾರ ಮಾತು ಗಟ್ಟಿ, ಯಾರದು ಜಾಳು ಎಂಬುದು ಗೊತ್ತಾಗುವುದೂ ಆ ದಿನಗಳಲ್ಲೇ.

ಅಪ್ಪ ನನ್ನನ್ನು ಗಾದಿಗೆ ಕೂರಿಸುವ ಮೊದಲು ಹಮಾಲರ ಜೊತೆ ಬಿಟ್ಟರು. ಕಾಯಿ ನೋಡುವುದನ್ನು ನಾನು ಕಲಿತದ್ದು ಅವರಲ್ಲಿ ಹಿರಿಯರೊಬ್ಬರಿಂದ. ಚೀಲದ ಬಾಯಲ್ಲಿರುವುದನ್ನು ನೋಡಿ ಒಪ್ಪಬಾರದು, ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆಯಬೇಕು. ಮುಷ್ಟಿಯಲ್ಲಿ ಮೆಲ್ಲಗೆ ಒತ್ತಿದರೆ ಹದವಾಗಿ ಒಣಗಿದ ಕಾಯಿ ಸರಸರ ಎನ್ನುತ್ತದೆ, ಕಿವಿಯ ಬಳಿ ಅಲುಗಿಸಿದರೆ ಒಳಗಿನ ಬೀಜ ಸದ್ದು ಮಾಡುತ್ತದೆ. ತೇವ ಉಳಿದ ಕಾಯಿ ಮಡಚಿಕೊಂಡು ಸುಮ್ಮನಿರುತ್ತದೆ. ಬ್ಯಾಡಗಿ ಕಾಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಕಾಯಿ ಉದ್ದ, ತೆಳುವು, ಮೈತುಂಬ ಸುಕ್ಕು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದುಂಡು, ಬೀಜ ಹೆಚ್ಚು, ಪರಿಮಳವೂ ಹೆಚ್ಚು. ಫಾಟ್ಕಿ ಎನ್ನುವ ಬಿಳಿಚಿದ ಕಾಯನ್ನು ಬೇರೆ ಮಾಡಬೇಕು. ಇದನ್ನೆಲ್ಲ ಚೀಲಗಳ ಮೇಲೆ ಕುಳಿತು ರಾತ್ರಿಯಿಡೀ ಕಲಿಸಿದ ಆ ಹಿರಿಯರಿಗೆ ಓದು ಬರುತ್ತಿರಲಿಲ್ಲ. ಅವರ ಬೆರಳು ಕೊಟ್ಟ ತೀರ್ಪನ್ನು ನಾನು ಎಂದೂ ಮರುಪರೀಕ್ಷೆಗೆ ಕಳುಹಿಸಲಿಲ್ಲ. ನಾನು ಯಜಮಾನನಾದ ಮೇಲೂ ಅವರು ಏಕವಚನದಲ್ಲೇ ಕರೆದರು. ಅದು ನನಗೆ ದೊಡ್ಡ ಸಲುಗೆ, ದೊಡ್ಡ ಗೌರವ.

ಪಕ್ಕದ ಅಂಗಡಿಯವರು ನಮಗೆ ನೇರ ಪೈಪೋಟಿ. ನಮ್ಮ ರೈತರನ್ನು ಅವರು ಕರೆಯುತ್ತಿದ್ದರು, ಅವರ ರೈತರನ್ನು ನಾವು. ಒಂದು ವರ್ಷ ಹೊರರಾಜ್ಯದ ಖರೀದಿದಾರನೊಬ್ಬ ದೊಡ್ಡ ದೊಡ್ಡ ಲಾಟ್‌ಗಳನ್ನು ಎತ್ತಿಕೊಂಡು ಹೋದವನು ಹಣ ಕಳುಹಿಸುವುದನ್ನೇ ನಿಲ್ಲಿಸಿದ. ನಡು ಹಂಗಾಮು. ಅಂಗಡಿಯ ಮುಂದೆ ಹೊಸ ಮಾಲು ಬಿದ್ದಿದೆ, ರೈತರು ಪಟ್ಟಿ ಹಿಡಿದು ಕಾದಿದ್ದಾರೆ. ಸಂಜೆ ಪಕ್ಕದ ಯಜಮಾನರು ಬಂದು ‘ಎಷ್ಟು ಬೇಕು?’ ಎಂದಷ್ಟೇ ಕೇಳಿದರು. ಚೀಟಿ ಬರೆಸಲಿಲ್ಲ, ಬಡ್ಡಿಯ ಮಾತೆತ್ತಲಿಲ್ಲ. ಮುಂದಿನ ಪೇಟೆಯಲ್ಲಿ ಎಂದಿನಂತೆ ಹೊಸ ರೈತನೊಬ್ಬನನ್ನು ನನ್ನ ಕಣ್ಣೆದುರೇ ತಮ್ಮ ಅಂಗಡಿಗೆ ಕರೆದೊಯ್ದರು. ದಲಾಲನೊಬ್ಬ ರೈತನಿಗೆ ತಪ್ಪಿದರೆ ಇಡೀ ಪೇಟೆಯ ಹೆಸರು ಕೆಡುತ್ತದೆ ಎಂಬ ಲೆಕ್ಕವೂ ಅವರಲ್ಲಿ ಇದ್ದಿರಬಹುದು. ಅದರಿಂದ ನನ್ನ ಋಣವೇನೂ ಹಗುರವಾಗುವುದಿಲ್ಲ. ಸಾಲ ತೀರಿತು, ಎರಡು ಮನೆಗಳ ನಡುವಿನ ಹೋಗಿಬರುವಿಕೆ ಉಳಿಯಿತು. ಹೊಸಬ ಖರೀದಿದಾರ ಬಂದರೆ ‘ಇವರ ಹಣ ಹೇಗೆ?’ ಎಂದು ಇಂದಿಗೂ ನಾವು ಪರಸ್ಪರ ಕೇಳಿಕೊಳ್ಳುತ್ತೇವೆ. ಈ ಒಂದು ವಿಷಯದಲ್ಲಿ ಯಾರೂ ಯಾರಿಗೂ ಸುಳ್ಳು ಹೇಳುವುದಿಲ್ಲ.

ಇನ್ನೊಂದು ಗೆಳೆತನ ಕೊಚ್ಚಿಯದು. ನಮ್ಮ ಕಾಯಲ್ಲಿ ಖಾರ ಕಡಿಮೆ, ಕೆಂಪು ಹೆಚ್ಚು. ಅದರಿಂದ ಬಣ್ಣದ ಸತ್ವ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗಳು ಕೇರಳದಲ್ಲಿವೆ. ಅಲ್ಲಿಗಾಗಿ ಖರೀದಿಸುತ್ತಿದ್ದ ಒಬ್ಬರು ಮೊದಮೊದಲು ನನ್ನೊಡನೆ ಹರಕು ಹಿಂದಿಯಲ್ಲಿ ಬರೀ ದರದ ಮಾತಾಡುತ್ತಿದ್ದರು. 2003ರಲ್ಲಿ ಭಾರತದಿಂದ ಹೋದ ಖಾರದ ಪುಡಿಯಲ್ಲಿ ಸುಡಾನ್ ಎಂಬ ಕೃತಕ ಬಣ್ಣ ಯುರೋಪಿನಲ್ಲಿ ಪತ್ತೆಯಾಯಿತು. 2005ರಲ್ಲಿ ಬ್ರಿಟನ್ನಿನಲ್ಲಿ ಅದೇ ಕಾರಣಕ್ಕೆ ನೂರಾರು ಬಗೆಯ ಆಹಾರಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆದರು. ರಫ್ತಿಗೆ ಮೊದಲು ಪರೀಕ್ಷೆ ಕಡ್ಡಾಯವಾಯಿತು. ಆ ದಿನಗಳಲ್ಲಿ ಅವರು ನಮ್ಮ ಅಂಗಡಿಯಲ್ಲಿ ಕುಳಿತು, ಬಣ್ಣದ ಮೌಲ್ಯವನ್ನು ಆಸ್ಟಾ (ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘ) ಅಂಕಗಳಲ್ಲಿ ಹೇಗೆ ಅಳೆಯುತ್ತಾರೆ, ಕಾಯಿಗೆ ನೀರು ಚಿಮುಕಿಸಿದರೆ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಹೇಗೆ ಸೇರುತ್ತದೆ ಎಂದು ರೈತರಿಗೆ ತಾಳ್ಮೆಯಿಂದ ಹೇಳಿದರು. ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಖರೀದಿಗೆ ಬಂದವರು ಮಾರುವವನಿಗೆ ಒಳ್ಳೆಯ ಮಾಲಿನ ಗುಟ್ಟು ಹೇಳಿಕೊಡಬೇಕಾಗಿರಲಿಲ್ಲ. ಹೇಳಿಕೊಟ್ಟರು. ಚೆನ್ನಾಗಿ ಒಣಗಿಸಿದ ರೈತನಿಗೆ ಹೆಚ್ಚಿನ ದರವನ್ನೂ ಹಾಕಿದರು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಬಂದಾಗ ಕೊಚ್ಚಿಯಿಂದ ಮೊದಲು ಫೋನ್ ಬಂದದ್ದು ಅವರದೇ. ಅಷ್ಟರಲ್ಲಾಗಲೇ ಹೊಲಗಳಿಗೆ ಹೈಬ್ರಿಡ್ ಬೀಜ ನುಗ್ಗುತ್ತಿತ್ತು. ಇಂದು ಪೇಟೆಯಲ್ಲಿ 2043, 5531 ಎಂಬ ಹೈಬ್ರಿಡ್ ತಳಿ ಸಂಖ್ಯೆಗಳೇ ಜೋರು, ಅಸಲಿ ಡಬ್ಬಿಯ ರಾಶಿ ಕಂಡರೆ ಜನ ನಿಂತು ನೋಡುತ್ತಾರೆ. ಇಳುವರಿ ಬೇಕಾದ ರೈತನನ್ನು ನಾನು ದೂರುವುದಿಲ್ಲ, ಆದರೂ ಸಂಕಟವಾಗುತ್ತದೆ.

ಕೊಚ್ಚಿಯ ಗೆಳೆಯರು ಈಗ ನಿವೃತ್ತರು. ಪ್ರತಿ ಹಂಗಾಮಿನಲ್ಲೂ ತಮ್ಮ ಮನೆಗೆಂದು ಡಬ್ಬಿ ಕಾಯಿ ತರಿಸಿಕೊಳ್ಳುತ್ತಾರೆ. ಮಗಳು ಅದಕ್ಕೂ ಪಟ್ಟಿ ಬರೆದೇ ಕಳುಹಿಸಬೇಕು, ಇಲ್ಲವಾದರೆ ಅವರು ಸ್ವೀಕರಿಸುವುದಿಲ್ಲ. ಹೋದ ಸಲ ಬಂದ ಕಾಯಲ್ಲಿ ತೇವ ತುಸು ಹೆಚ್ಚಿತ್ತು ಎಂದು ಅವಳಿಗೆ ಫೋನಿನಲ್ಲಿ ದೀರ್ಘವಾಗಿ ವಿವರಿಸಿದರಂತೆ. ಅವಳು ಮರುದಿನವೇ ತೇವ ಅಳೆಯುವ ಯಂತ್ರವನ್ನು ಪರೀಕ್ಷೆಗೆ ಕಳುಹಿಸಿದ್ದಾಳೆ.