ರೂಟರ್ ಕೂರಲು ಮೊದಲು ಜಾಗ ಮಾಡಿಕೊಂಡೆ

ಶಿರಸಿಯಲ್ಲಿ ನಮ್ಮದು ಮರಗೆಲಸದ ಮನೆ. ಅಪ್ಪ ಇವತ್ತಿಗೂ ಗುಳಿ (ಜೋಡಿಸುವ ಪಟ್ಟಿಯ ತುದಿ, ಅಂದ್ರೆ ನಾಲಿಗೆ, ಕೂರುವ ತೂತು) ತೆಗೆಯುವುದು ಉಳಿ, ಕೊಡತಿಯಲ್ಲೇ. ನಾನು ಮರ ಕೊರೆಯುವ ರೂಟರ್ ಯಂತ್ರ ತಂದದ್ದು ಮಾರಿಕಾಂಬಾ ಜಾತ್ರೆಯೊಳಗೆ ಆರು ಕುರ್ಚಿ ಕೊಡಬೇಕಿತ್ತು ಅಂತ. ಒಂದೊಂದು ಕಾಲಿಗೆ ಎರಡು ಗುಳಿ, ಒಟ್ಟು 48.

ಮೊದಲ ಕಾಲಿಗೇ ಎಡವಟ್ಟಾಯಿತು. ಹಲಸಿನ ಕಾಲು, 36 ಮಿ.ಮೀ. ದಪ್ಪ. ಅಷ್ಟು ಸಪೂರದ ಮೇಲೆ ರೂಟರಿನ ಅಗಲ ತಳ ಹೇಗೆ ನಿಂತೀತು? ಅರ್ಧಕ್ಕೆ ಬರುವಾಗ ವಾಲಿತು. ಬಿಟ್, ಅಂದ್ರೆ ತಿರುಗುವ ಅಲಗು, ಗುಳಿಯ ಗೋಡೆ ಕಚ್ಚಿ ಯಂತ್ರ ಎಗರಿತು. ಎರಡೂ ಕೈ ಹಿಡಿಕೆಯ ಮೇಲೇ ಇದ್ದವು, ಬೆರಳು ಉಳಿಯಿತು. ಅಪ್ಪ ಓಡಿಬಂದು ಪ್ಲಗ್ ಕಿತ್ತರು. "ಮೊದ್ಲು ಅದು ಕೂರೋಕೆ ಜಾಗ ಮಾಡು ತಮಾ" ಅಂದರು.

ಆ ರಾತ್ರಿಯೇ ಜಿಗ್, ಅಂದ್ರೆ ರೂಟರ್ ಕೂತು ಓಡುವ ಚೌಕಟ್ಟು, ಮಾಡಿದೆ. ಮೇಲೆ 12 ಮಿ.ಮೀ. ಪ್ಲೈವುಡ್, ರೂಟರಿನ ತಳಕ್ಕಿಂತ ಅಗಲ. ಕೆಳಗೆ ಎರಡು ಪಟ್ಟಿ, ಕಾಲನ್ನು ಎರಡೂ ಕಡೆ ಅಪ್ಪಿ ಹಿಡಿಯುವ ಹಾಗೆ. ಕಾಲಿನ ತುದಿ ತಾಗಿ ನಿಲ್ಲಲು ಒಂದು ತುಂಡು. ಪ್ಲೈವುಡ್‌ನಲ್ಲಿ ಗೈಡ್ ಬುಶ್ (ರೂಟರಿನ ತಳದಲ್ಲಿ ಬಿಟ್ ಸುತ್ತ ಇರುವ ಕೊಳವೆ) ಓಡುವ ಸೀಳು. ಇಲ್ಲಿ ಲೆಕ್ಕ ತಪ್ಪಬಾರದು. ನನ್ನ ಬುಶ್ 20 ಮಿ.ಮೀ., ಬಿಟ್ 12. ಸುತ್ತಲೂ 4 ಮಿ.ಮೀ. ಜಾಸ್ತಿ ಬೇಕು. ಗುಳಿ 60 ಉದ್ದ ಅಂದ್ರೆ ಸೀಳು 68 ಉದ್ದ, 20 ಅಗಲ. ಬುಶ್ಶಿನ ಕೊಳವೆ ಪ್ಲೈವುಡ್‌ನ ದಪ್ಪಕ್ಕಿಂತ ಗಿಡ್ಡ ಇರಬೇಕು, ಇಲ್ಲದಿದ್ರೆ ಕೆಳಗಿನ ಮರಕ್ಕೆ ತಾಗಿ ತಳ ಎದ್ದುಬಿಡುತ್ತದೆ.

ಜಿಗ್, ಕಾಲು ಎರಡನ್ನೂ ಸೇರಿಸಿ ಬೆಂಚಿಗೆ ಕ್ಲ್ಯಾಂಪ್ ಮಾಡುತ್ತೇನೆ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಹಲಸಿನ ಹಳದಿ ಹುಡಿ ಗಂಟಲಿಗೆ ಹತ್ತಿದರೆ ಸಂಜೆವರೆಗೂ ಕೆಮ್ಮು. ಮೊದಲು ಸೀಳಿನ ಎರಡೂ ತುದಿಯಲ್ಲಿ ಬಿಟ್ ಇಳಿಸಿ ಎತ್ತುತ್ತೇನೆ, ಆಮೇಲೆ ನಡುವಿನದ್ದು. ಒಂದು ಸಲಕ್ಕೆ 5 ಮಿ.ಮೀ. ಮಾತ್ರ. ಅವಸರ ಮಾಡಿದರೆ ಹುಡಿ ಒಳಗೇ ತುಂಬಿ ಬಿಟ್ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಪ್ರತಿ ಸಲ ಬಿಟ್ ಮೇಲೆತ್ತಿ, ಸ್ವಿಚ್ ಆರಿಸಿ, ತಿರುಗುವುದು ಪೂರ್ತಿ ನಿಂತ ಮೇಲೆಯೇ ಹುಡಿ ಹೀರಿಸುತ್ತೇನೆ. ಬಿಟ್ ಮುಟ್ಟುವ ಮೊದಲು ಪ್ಲಗ್ ಕೀಳುವುದು, ಅದಂತೂ ಅಪ್ಪ ಕಲಿಸಿದ್ದು.

ರೂಟರ್ ಗುಳಿಯ ತುದಿ ದುಂಡಗೆ ಬಿಡುತ್ತದೆ, ಅಲ್ವಾ? ನಾಲಿಗೆಯ ಮೂಲೆಯನ್ನೇ ಅರದಿಂದ ದುಂಡಗೆ ಉಜ್ಜುತ್ತೇನೆ. ಗುಳಿ 32 ಆಳ, ನಾಲಿಗೆ 30. ಉಳಿದ 2 ಮಿ.ಮೀ. ಅಂಟಿಗೆ.

48ನೆಯದಕ್ಕೆ ಅಪ್ಪ ತಾವೇ ನಾಲಿಗೆ ಕೂರಿಸಿದರು. ಕೊಡತಿ ಮುಟ್ಟಲಿಲ್ಲ, ಅಂಗೈಯಲ್ಲೇ ಒತ್ತಿದರು.