ಚಂದಾದಾರರನ್ನು ಕರೆದುಕೊಂಡು ಹೊಸ ಸೇವೆಗೆ: ನನ್ನ ಅನುಭವ

ನನ್ನ ಬ್ಲಾಗಿನ ಇಮೇಲ್ ಚಂದಾದಾರರಲ್ಲಿ ನಾನೂ ಒಬ್ಬ. ಓದುಗರಿಗೆ ಏನು ತಲುಪುತ್ತಿದೆ ಎಂದು ಕಣ್ಣಾರೆ ನೋಡಲು ಬೇರೆ ದಾರಿಯಿಲ್ಲ. ಹಾಗೆ ಒಂದು ಬೆಳಗ್ಗೆ ತೆರೆದ ಇಮೇಲ್‌ನಲ್ಲಿ, ಅಜ್ಜಿಯ ನೆನಪಿನ ಬಗ್ಗೆ ಬರೆದಿದ್ದ ಲೇಖನದ ಕೊನೆಯ ಸಾಲಿಗೆ ಅಂಟಿಕೊಂಡಂತೆ ತೂಕ ಇಳಿಸುವ ಮಾತ್ರೆಯ ಜಾಹೀರಾತು ಕಾಣಿಸಿತು. ನಾನು ಹಾಕಿದ್ದಲ್ಲ. ಉಚಿತವಾಗಿ ಇಮೇಲ್ ಕಳುಹಿಸಿಕೊಡುತ್ತಿದ್ದ ಸೇವೆಯವರು ನಿಯಮ ಬದಲಿಸಿದ್ದರು. ಅದನ್ನು ತಿಳಿಸುವ ಪತ್ರ ನನ್ನ ಇನ್‌ಬಾಕ್ಸಿನ ಯಾವುದೋ ಮೂಲೆಯಲ್ಲಿ ಓದದೆ ಬಿದ್ದಿತ್ತು. ಅಂದೇ ಸೇವೆ ಬದಲಿಸಲು ತೀರ್ಮಾನಿಸಿದೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದು ಮೂರು ವಾರ ಹಿಡಿಯಿತು.

ಇದು ನನ್ನ ಎರಡನೆಯ ವಲಸೆ. ಮೊದಲನೆಯದು 2021ರಲ್ಲಿ. 2004ರಲ್ಲಿ ಶುರುವಾಗಿ 2007ರಲ್ಲಿ ಗೂಗಲ್ ಕೈಸೇರಿದ್ದ, ಬ್ಲಾಗುಗಳ ಹೊಸ ಲೇಖನಗಳನ್ನು ಓದುಗರಿಗೆ ತಲುಪಿಸುತ್ತಿದ್ದ ಸೇವೆ ಫೀಡ್‌ಬರ್ನರ್, ಜುಲೈನಿಂದ ಇಮೇಲ್ ಚಂದಾ ಸೌಲಭ್ಯ ಇರುವುದಿಲ್ಲ ಎಂದು ಆ ವರ್ಷದ ಏಪ್ರಿಲ್‌ನಲ್ಲೇ ಹೇಳಿತ್ತು. ಸಮಯವಿತ್ತು, ಕೊನೆಯ ವಾರದವರೆಗೆ ಕೈಕಟ್ಟಿ ಕುಳಿತವನು ನಾನೇ. ಆಮೇಲೆ ಗಡಿಬಿಡಿಯಲ್ಲಿ ಸಿಕ್ಕಿದ ಸೇವೆಗೆ ಪಟ್ಟಿಯನ್ನು ಸುರಿದು, ಅವರು ಕೊಟ್ಟ ಫೀಡ್ (ಹೊಸ ಲೇಖನಗಳನ್ನು ತಂತ್ರಾಂಶಗಳು ತಾವಾಗಿ ಓದಿಕೊಳ್ಳುವ ಕಡತ) ವಿಳಾಸವನ್ನೇ ಬ್ಲಾಗಿನ ಪಕ್ಕದ ಪಟ್ಟಿಯಲ್ಲಿ ಅಂಟಿಸಿದ್ದೆ. ಆ ವಿಳಾಸ ನನ್ನದಲ್ಲ, ಅವರದ್ದು. ಈ ಸಲ ಪಟ್ಟ ಪಾಡಿನ ಅರ್ಧಭಾಗ ಆ ಒಂದು ಅಂಟಿಸುವಿಕೆಯಿಂದ ಬಂತು.

ಏಕೆಂದರೆ ಓದುಗರಲ್ಲಿ ಎರಡು ಬಗೆ. ಇಮೇಲ್ ಚಂದಾದಾರರ ವಿಳಾಸ ನಮ್ಮ ಕೈಯಲ್ಲಿರುತ್ತದೆ, ಎಲ್ಲಿಗೆ ಹೋದರೂ ಕರೆದುಕೊಂಡು ಹೋಗಬಹುದು. ಫೀಡ್ ರೀಡರ್‌ನಲ್ಲಿ ಓದುವವರು ಯಾರು, ಎಲ್ಲಿದ್ದಾರೆ ಎಂಬುದು ನಮಗೆ ಗೊತ್ತೇ ಇರುವುದಿಲ್ಲ. ಅವರ ತಂತ್ರಾಂಶ ಒಂದು ವಿಳಾಸವನ್ನು ನೆನಪಿಟ್ಟುಕೊಂಡು ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ಬಂದು ಬಾಗಿಲು ತಟ್ಟುತ್ತದೆ. ಆ ವಿಳಾಸ ಸತ್ತರೆ ಬ್ಲಾಗು ನಿಂತುಹೋಯಿತು ಎಂದೇ ಅವರು ತಿಳಿಯುತ್ತಾರೆ, ‘ವಿಳಾಸ ಬದಲಾಗಿದೆ’ ಎಂದು ಹೇಳಲು ನಮಗೆ ಮಾರ್ಗವೇ ಇಲ್ಲ. ಅವರ ಸಂಖ್ಯೆಯ ಅಂದಾಜು ಮಾತ್ರ ಸರ್ವರ್ ಲಾಗ್‌ನಲ್ಲಿ, ಅಂದರೆ ಬ್ಲಾಗಿಗೆ ಬಂದುಹೋದವರ ದಾಖಲೆಯಲ್ಲಿ, ಸಿಗುತ್ತದೆ: ಫೀಡ್ಲಿಯಂತಹ ರೀಡರ್‌ಗಳು ಫೀಡ್ ಕೇಳಲು ಬಂದಾಗ ತಮ್ಮ ಹೆಸರಿನ ಜೊತೆಗೆ ‘ಇಷ್ಟು ಚಂದಾದಾರರಿದ್ದಾರೆ’ ಎಂದೂ ಹೇಳಿಕೊಳ್ಳುತ್ತವೆ. ಇಷ್ಟು ವರ್ಷ ಆ ಸಾಲುಗಳನ್ನು ನಾನು ನೋಡಿರಲೇ ಇಲ್ಲ. ಹಳೆಯ ಸೇವೆಯ ಅಂಕಿಅಂಶವನ್ನೂ ನನ್ನ ಲಾಗ್ ಅನ್ನೂ ಸೇರಿಸಿ ನೋಡಿದರೆ, ಇಮೇಲ್‌ನವರಿಗಿಂತ ಫೀಡ್‌ನವರೇ ಹೆಚ್ಚು.

ಆದ್ದರಿಂದ ಫೀಡ್‌ನಿಂದಲೇ ಆರಂಭಿಸಿದೆ. ನನ್ನ ಬ್ಲಾಗು ಸ್ವಂತ ಡೊಮೇನ್‌ನಲ್ಲಿ, ಅಂದರೆ ನನ್ನದೇ ಜಾಲವಿಳಾಸದಲ್ಲಿ, ವರ್ಡ್‌ಪ್ರೆಸ್ ಎಂಬ ಬ್ಲಾಗ್ ತಂತ್ರಾಂಶದಿಂದ ನಡೆಯುತ್ತದೆ. ಅದು ತನ್ನಷ್ಟಕ್ಕೆ ಒಂದು ಫೀಡ್ ಕೊಡುತ್ತದೆ. ಅದನ್ನು ಹಳೆಯ ಸೇವೆಯತ್ತ ತಿರುಗಿಸುವ ಪ್ಲಗಿನ್ (ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಒಂದನ್ನು 2021ರಲ್ಲಿ ಹಾಕಿದ್ದೆ, ಹಾಕಿ ಮರೆತಿದ್ದೆ. ಹೊಸ ಸೇವೆಗೆ ನನ್ನ ಡೊಮೇನ್‌ನ ಫೀಡ್ ವಿಳಾಸ ಕೊಟ್ಟೆ, ಮುನ್ನೋಟ ತೆರೆದೆ, ನೋಡಿದರೆ ಅದೇ ಮಾತ್ರೆಯ ಜಾಹೀರಾತು! ಹೊಸಬರು ನನ್ನ ಬಾಗಿಲಿಗೆ ಬಂದರೆ ಪ್ಲಗಿನ್ ಅವರನ್ನು ಹಳಬರ ಮನೆಗೆ ಕಳುಹಿಸುತ್ತಿತ್ತು, ಅವರು ಅಲ್ಲಿಂದ ಜಾಹೀರಾತು ಸಮೇತ ಲೇಖನ ಹೊತ್ತು ತರುತ್ತಿದ್ದರು. ಕಾರಣ ಹುಡುಕಲು ಒಂದು ರಾತ್ರಿ ಹೋಯಿತು, ಪ್ಲಗಿನ್ ನಿಲ್ಲಿಸಲು ಒಂದು ಕ್ಲಿಕ್ ಸಾಕಾಯಿತು.

ಇನ್ನು ಉಳಿದದ್ದು ಹಳೆಯ ಸೇವೆಯ ವಿಳಾಸವನ್ನೇ ಹಿಡಿದುಕೊಂಡಿದ್ದ ಓದುಗರು. ಅಲ್ಲಿಂದ ನನ್ನ ಡೊಮೇನ್‌ಗೆ 301 ರೀಡೈರೆಕ್ಟ್ (ಬಂದವರನ್ನು ಬೇರೆ ವಿಳಾಸಕ್ಕೆ ತಿರುಗಿಸುವ ಸೂಚನೆ) ಹಾಕಿಕೊಡಿ ಎಂದು ಸೇವೆಯವರಿಗೆ ಬರೆದೆ. 301 ಎಂದರೆ ‘ಶಾಶ್ವತವಾಗಿ ಹೋಗಿದ್ದಾರೆ’, 302 ಎಂದರೆ ‘ಸದ್ಯಕ್ಕೆ ಅಲ್ಲಿದ್ದಾರೆ’. ಒಳ್ಳೆಯ ಫೀಡ್ ರೀಡರ್‌ಗಳು 301 ಕಂಡರೆ ತಮ್ಮ ಬಳಿಯಿರುವ ವಿಳಾಸವನ್ನೇ ತಿದ್ದಿಕೊಳ್ಳುತ್ತವೆ, 302 ಕಂಡರೆ ಹಳೆಯದನ್ನೇ ಇಟ್ಟುಕೊಳ್ಳುತ್ತವೆ. ಅವರು ಮೊದಲು ಹಾಕಿದ್ದು 302. ಇನ್ನೊಂದು ಪತ್ರ ಬರೆಯಬೇಕಾಯಿತು. ಖಾತೆ ಇರುವವರೆಗೆ ರೀಡೈರೆಕ್ಟ್ ಇರುತ್ತದೆ ಎಂಬ ಭರವಸೆ ಸಿಕ್ಕಿತು. ಹೊಸ ಸೇವೆಯವರೂ ತಮ್ಮದೊಂದು ಚೆಂದದ ಫೀಡ್ ವಿಳಾಸ ಕೊಟ್ಟರು. ಅದನ್ನು ಈ ಸಲ ಎಲ್ಲಿಯೂ ಅಂಟಿಸಲಿಲ್ಲ.

ಇಲ್ಲಿಯವರೆಗಿನದು ಸಣ್ಣಪುಟ್ಟ ತೊಂದರೆ. ನಿಜವಾದ ಅನಾಹುತ ಮಾಡಿದ್ದು ನಾನೇ. ಹೇಗೂ ಕೈಹಾಕಿದ್ದೇನೆ, ಬ್ಲಾಗಿನಲ್ಲಿ ಅಲ್ಲಲ್ಲಿ ಉಳಿದಿದ್ದ ಎಚ್‌ಟಿಟಿಪಿ ಕೊಂಡಿಗಳನ್ನೆಲ್ಲ ಸುರಕ್ಷಿತವಾದ ಎಚ್‌ಟಿಟಿಪಿಎಸ್ ಮಾಡಿಬಿಡೋಣ ಎಂದು ಡೇಟಾಬೇಸ್ ಪೂರ್ತಿ ಒಂದೇ ಏಟಿಗೆ ಹುಡುಕಿ ಬದಲಿಸಿದೆ. ಫೀಡ್‌ನಲ್ಲಿ ಪ್ರತಿ ಲೇಖನಕ್ಕೂ ‘ಜಿಯುಐಡಿ’ (guid) ಎಂಬ ಗುರುತಿನ ಸಾಲೊಂದಿರುತ್ತದೆ. ಅದು ನೋಡಲು ಕೊಂಡಿಯಂತಿದ್ದರೂ ಕೊಂಡಿಯಲ್ಲ, ಲೇಖನದ ಜನ್ಮನಾಮ. ಈ ಲೇಖನವನ್ನು ಮೊದಲೇ ತೋರಿಸಿದ್ದೇನೆಯೇ ಎಂದು ಫೀಡ್ ರೀಡರ್ ತೀರ್ಮಾನಿಸುವುದು ಅದನ್ನು ನೋಡಿ. ಅದನ್ನು ಎಂದಿಗೂ ಬದಲಿಸಬೇಡಿ ಎಂದು ವರ್ಡ್‌ಪ್ರೆಸ್ ದಾಖಲೆಗಳಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ನಾನು ಓದಿದ್ದು ಆಮೇಲೆ. ಒಂದು ‘ಎಸ್’ ಅಕ್ಷರ ಸೇರಿದ್ದೇ ತಡ, ಫೀಡ್‌ನಲ್ಲಿದ್ದ ಹತ್ತೂ ಲೇಖನಗಳು ಹೊಚ್ಚಹೊಸದಾಗಿ ಎಲ್ಲರ ರೀಡರ್‌ನಲ್ಲಿ ಎರಡನೆಯ ಸಲ ಪ್ರತ್ಯಕ್ಷವಾದವು. “ಇವತ್ತು ಹತ್ತು ಲೇಖನ ಬರೆದಿರಾ?” ಎಂದು ಓದುಗರೊಬ್ಬರು ಕೇಳಿದರು. ಹೊಸ ಸೇವೆಯಲ್ಲಿ ಇಮೇಲ್ ರವಾನೆಯನ್ನು ಇನ್ನೂ ಶುರುಮಾಡಿರಲಿಲ್ಲ, ಬಚಾವಾದೆ. ಇಲ್ಲದಿದ್ದರೆ ಹಳೆಯ ಲೇಖನಗಳೆಲ್ಲ ಎಲ್ಲರ ಅಂಚೆಪೆಟ್ಟಿಗೆಗೂ ಬೀಳುತ್ತಿದ್ದವು. ಹಿಂದಿನ ದಿನದ ಬ್ಯಾಕಪ್‌ನಿಂದ ಆ ಒಂದು ಕಾಲಂ ಮಾತ್ರ ಮರಳಿಸಿದೆ.

ಎರಡನೆಯ ವಾರ ಚಂದಾದಾರರ ಪಟ್ಟಿಗೆ ಮೀಸಲು. ಹಳೆಯ ಸೇವೆಯಿಂದ ಇಳಿಸಿಕೊಂಡ ಕಡತದಲ್ಲಿ ಮೂರು ಕಾಲಂ: ವಿಳಾಸ, ಸೇರಿದ ದಿನಾಂಕ, ಸ್ಥಿತಿ. ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಸಾಲುಗಳು. ಅವುಗಳಲ್ಲಿ ಸುಮಾರು ಇನ್ನೂರರ ಮುಂದೆ ‘ದೃಢಪಟ್ಟಿಲ್ಲ’ ಎಂದಿತ್ತು. ವಿಳಾಸ ಕೊಟ್ಟು, ಖಾತರಿಗಾಗಿ ಹೋದ ಕೊಂಡಿಯನ್ನು ಒತ್ತದವರು. ಇವರನ್ನೂ ಸೇರಿಸಿದರೆ ಸಂಖ್ಯೆ ದಪ್ಪವಾಗಿ ಕಾಣುತ್ತದೆ ಎಂಬ ಆಸೆ ಹುಟ್ಟಿದ್ದು ಸುಳ್ಳಲ್ಲ. ಆದರೆ ಅವರು ಒಪ್ಪಿಗೆ ಕೊಟ್ಟಿಲ್ಲ, ಕೆಲವು ವಿಳಾಸಗಳಂತೂ ಯಂತ್ರಗಳು ತುಂಬಿಸಿದವು ಎಂಬುದು ನೋಡಿದರೇ ತಿಳಿಯುತ್ತಿತ್ತು. ತೆಗೆದುಹಾಕಿದೆ.

ಹೆಚ್ಚಿನವರು ಮರೆಯುವುದು ಇನ್ನೊಂದು ಪಟ್ಟಿಯನ್ನು: ಚಂದಾ ಬಿಟ್ಟುಹೋದವರದ್ದು. ಅವರು ಹೋಗಿದ್ದಾರಲ್ಲ, ಅವರ ಹೆಸರು ಏಕೆ ಬೇಕು ಎಂದು ಕೇಳಬಹುದು. ಹೊಸ ಸೇವೆಗೆ ಅವರು ಬಿಟ್ಟುಹೋದದ್ದು ಗೊತ್ತಿಲ್ಲ. ನಾಳೆ ಯಾವುದೋ ಹಳೆಯ ಕಡತ ಏರಿಸಿದರೆ ಅವರೆಲ್ಲ ಮತ್ತೆ ಪಟ್ಟಿಯೊಳಗೆ ಬಂದು ಕೂರುತ್ತಾರೆ, ಒಲ್ಲೆ ಎಂದವರ ಮನೆಗೆ ಮತ್ತೆ ಪತ್ರ ಹೋಗುತ್ತದೆ. ಅದಕ್ಕೆ ಆ ಪಟ್ಟಿಯನ್ನೂ ಕೇಳಿ ಪಡೆದು, ಹೊಸ ಸೇವೆಯ ‘ಕಳುಹಿಸಬಾರದು’ ಎಂಬ ಖಾನೆಗೆ ಮೊದಲು ಏರಿಸಿದೆ. ವಿಳಾಸ ಸತ್ತು ಪತ್ರ ಮರಳಿ ಬಂದವರದ್ದನ್ನೂ ಹಾಗೆಯೇ.

ಬಹುಕಾಲದಿಂದ ಇಮೇಲ್ ತೆರೆಯದವರನ್ನೂ ಕೈಬಿಡು ಎಂದು ಗೆಳೆಯರು ಹೇಳಿದರು. ಒಪ್ಪಲಿಲ್ಲ. ತೆರೆದರೋ ಇಲ್ಲವೋ ಎಂಬುದನ್ನು ಸೇವೆಗಳು ಲೆಕ್ಕ ಹಾಕುವುದು ಪತ್ರದೊಳಗೆ ಅಡಗಿಸಿದ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರದಿಂದ. ಚಿತ್ರಗಳನ್ನು ತಡೆದು ಓದುವವರು ಎಂದೂ ‘ತೆರೆದಿಲ್ಲ’. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರ ಜೊತೆ ಆ್ಯಪಲ್ ತಂದ ಗೋಪ್ಯತೆಯ ಸೌಲಭ್ಯವನ್ನು ಬಳಸುವವರು, ಚಿತ್ರಗಳು ಮುಂಚೆಯೇ ಇಳಿದುಬಿಡುವುದರಿಂದ, ಓದದಿದ್ದರೂ ‘ತೆರೆದವರು’. ಇಂತಹ ತಕ್ಕಡಿಯಲ್ಲಿ ತೂಗಿ ಓದುಗರನ್ನು ಹೊರಗಟ್ಟುವ ಮನಸ್ಸಾಗಲಿಲ್ಲ.

ಡೊಮೇನ್ ದಾಖಲೆಗಳ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಬಿಗಿಯಾಗಿವೆ. ಯಾರೇ ಕಳುಹಿಸಲಿ, ಪತ್ರ ನಿಜಕ್ಕೂ ಆ ಡೊಮೇನ್‌ನವರದ್ದೇ ಎಂದು ಖಾತರಿಪಡಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ದಾಖಲೆ ಇರಲೇಬೇಕು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಎರಡೂ ಬೇಕು, ಜೊತೆಗೆ ಆ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಮತ್ತು ಒಂದೇ ಕ್ಲಿಕ್ಕಿನಲ್ಲಿ ಚಂದಾ ಬಿಡುವ ಸೌಲಭ್ಯ. ನನ್ನದು ಸಾವಿರದ ಲೆಕ್ಕವಾದರೂ ಎಲ್ಲವನ್ನೂ ಹಾಕಿದೆ. ಅಲ್ಲೂ ಒಂದು ಎಡವಟ್ಟು: ಹೊಸ ಸೇವೆ ಹೇಳಿದ ಎಸ್‌ಪಿಎಫ್ ಸಾಲನ್ನು ಹಳೆಯ ಸಾಲಿನ ಕೆಳಗೆ ಇನ್ನೊಂದು ದಾಖಲೆಯಾಗಿ ಸೇರಿಸಿದ್ದೆ. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು, ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಎರಡನ್ನೂ ಒಂದೇ ಸಾಲಿಗೆ ಹೊಲಿದ ಮೇಲೆ ಪರೀಕ್ಷೆ ಪಾಸಾಯಿತು. ಪತ್ರದ ‘ಇಂದ’ (ಕಳುಹಿಸಿದವರು) ಎಂಬಲ್ಲಿ ಇದುವರೆಗೆ ನನ್ನ ಜಿಮೇಲ್ ವಿಳಾಸವಿತ್ತು. ಬೇರೆ ಸೇವೆಯ ಮೂಲಕ ಜಿಮೇಲ್ ಹೆಸರಿನಲ್ಲಿ ಕಳುಹಿಸಿದರೆ ಸ್ಪ್ಯಾಮ್ ಪೆಟ್ಟಿಗೆಗೆ ದಾರಿ ಮಾಡಿಕೊಟ್ಟಂತೆ, ಆದ್ದರಿಂದ ಸ್ವಂತ ಡೊಮೇನ್‌ನ ವಿಳಾಸಕ್ಕೆ ಬದಲಿಸಿದೆ.

ಇಂಗ್ಲಿಷ್‌ನಲ್ಲಿ ಬರೆಯುವವರ ಅನುಭವಗಳನ್ನು ಎಷ್ಟು ಓದಿದರೂ ಸಿಗದ ಸಂಗತಿಯೊಂದಿದೆ. ಅದು ಕನ್ನಡದ ತೂಕ. ‘ನನ್ನ’ ಎಂಬ ಪದ ನೋಡಲು ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ನ, ನ, ಹಲಂತ ಚಿಹ್ನೆ, ಮತ್ತೊಂದು ನ, ಒಟ್ಟು ನಾಲ್ಕು ಸಂಕೇತ. ಅವನ್ನು ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟ್, ಅಂದರೆ 12 ಬೈಟ್. ಇಂಗ್ಲಿಷಿನ ಎರಡಕ್ಷರದ ಪದಕ್ಕೆ ಎರಡೇ ಬೈಟ್. ಇದರಿಂದ ಏನಾಯಿತು? ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಪತ್ರವನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದನ್ನು ನೋಡಲು ಒಂದು ಕೊಂಡಿ ಕೊಡುತ್ತದೆ. ಹೊಸ ಸೇವೆಯ ಅಲಂಕಾರದ ವಿನ್ಯಾಸ ತಾನೇ ಒಂದಿಷ್ಟು ತೂಗುತ್ತಿತ್ತು, ಅದರ ಮೇಲೆ ನನ್ನ ಎರಡೂವರೆ ಸಾವಿರ ಪದಗಳ ಲೇಖನ ಕುಳಿತರೆ ಮಿತಿ ದಾಟುತ್ತಿತ್ತು. ಲೇಖನದ ಬಾಲ ಹೋದರೆ ಹೋಗಲಿ ಎನ್ನುವಂತಿಲ್ಲ, ಚಂದಾ ಬಿಡುವ ಕೊಂಡಿ ಇರುವುದೂ ಆ ಬಾಲದಲ್ಲೇ. ಕೊಂಡಿ ಕಾಣದ ಓದುಗ ‘ಸ್ಪ್ಯಾಮ್’ ಗುಂಡಿ ಒತ್ತುತ್ತಾನೆ.

ಹಾಗಾದರೆ ಪೂರ್ತಿ ಲೇಖನದ ಬದಲು ಸಾರಾಂಶ ಕಳುಹಿಸೋಣ ಎಂದು ಆ ಆಯ್ಕೆ ಒತ್ತಿದೆ. ಸೇವೆ ಅಕ್ಷರ ಎಣಿಸಿ ಕತ್ತರಿಸುತ್ತದೆ, ನಮ್ಮ ಅಕ್ಷರವನ್ನಲ್ಲ, ಸಂಕೇತವನ್ನು. ಮೊದಲ ಪರೀಕ್ಷೆಯ ಪತ್ರ ‘ಪುಸ್…’ ಎಂದು ಮುಗಿದಿತ್ತು. ಪುಸ್ತಕ ಎಂಬ ಪದದ ಒತ್ತು ಬೀಳುವ ಮೊದಲೇ ಕತ್ತರಿ ಬಿದ್ದಿತ್ತು. ಅಷ್ಟೇ ಅಲ್ಲ, ಅಕ್ಷರಗಳ ನಡುವಿನ ಅದೃಶ್ಯ ಬಿಡಿಸುವ ಚಿಹ್ನೆಯನ್ನು ಕಸ ಎಂದು ತಿಳಿದು ಗುಡಿಸಿ ಹಾಕಿತ್ತು, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗಿತ್ತು. ಬೆಂಬಲ ತಂಡಕ್ಕೆ ಚಿತ್ರ ಸಮೇತ ಬರೆದೆ. ಅವರಿಗೆ ಎರಡು ರೂಪಗಳ ನಡುವಿನ ವ್ಯತ್ಯಾಸವೇ ಕಾಣಲಿಲ್ಲ. ಪಾಪ, ತಪ್ಪೇನಿಲ್ಲ. ಕೊನೆಗೆ ನಾನೇ ದಾರಿ ಮಾಡಿಕೊಂಡೆ. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಲೇಖನಕ್ಕೂ ಮೂರು ನಾಲ್ಕು ವಾಕ್ಯಗಳ ಪೀಠಿಕೆಯನ್ನು ಕೈಯಾರೆ ಬರೆಯುತ್ತೇನೆ, ಇಮೇಲ್‌ನಲ್ಲಿ ಅದು ಮಾತ್ರ ಹೋಗುತ್ತದೆ. ಅಲಂಕಾರದ ವಿನ್ಯಾಸ ಕಿತ್ತೆಸೆದು ಬರಿಯ ಪಠ್ಯದಂತಿರುವುದನ್ನು ಆರಿಸಿದೆ. ಗುಡಿಸಿ ಹಾಕುತ್ತಿದ್ದುದು ಆ ವಿನ್ಯಾಸವೇ ಇರಬೇಕು, ಅದು ಹೋದ ಮೇಲೆ ಅದೃಶ್ಯ ಚಿಹ್ನೆಗಳೂ ಉಳಿದುಕೊಂಡವು. ಫೀಡ್‌ನಲ್ಲಿ ಮಾತ್ರ ಎಂದಿನಂತೆ ಪೂರ್ತಿ ಲೇಖನ.

ಬದಲಾವಣೆಯ ದಿನ ವಿಶೇಷವೇನೂ ನಡೆಯಲಿಲ್ಲ. ಎರಡು ದಿನ ಮೊದಲು ಹಳೆಯ ಸೇವೆಯಿಂದಲೇ ಎಲ್ಲರಿಗೂ ಒಂದು ಚಿಕ್ಕ ಪತ್ರ ಕಳುಹಿಸಿದ್ದೆ: ಮುಂದಿನ ಲೇಖನ ಈ ಹೊಸ ವಿಳಾಸದಿಂದ ಬರುತ್ತದೆ, ಬೇಡವೆನಿಸಿದರೆ ಈಗಲೇ ಬಿಡಬಹುದು. ಹದಿಮೂರು ಮಂದಿ ಬಿಟ್ಟರು. ಅವರನ್ನೂ ಹೊಸ ಸೇವೆಯಲ್ಲಿ ಗುರುತು ಹಾಕಿದೆ. ಹಳೆಯದರ ರವಾನೆ ನಿಲ್ಲಿಸಿದ್ದನ್ನು ಎರಡು ಸಲ ನೋಡಿಕೊಂಡು, ಆಮೇಲೆ ಹೊಸದನ್ನು ಚಾಲೂ ಮಾಡಿದೆ. ತಿರುಗಾಮುರುಗಾ ಮಾಡಿದ್ದರೆ ಎಲ್ಲರಿಗೂ ಎರಡೆರಡು ಪ್ರತಿ ಹೋಗುತ್ತಿತ್ತು. ಮೊದಲ ಲೇಖನವನ್ನು ನನ್ನವೇ ಆದ ಐದು ಬೇರೆ ಬೇರೆ ವಿಳಾಸಗಳಿಗೆ ಕಳುಹಿಸಿ ನೋಡಿದೆ. ನಾಲ್ಕರಲ್ಲಿ ಇನ್‌ಬಾಕ್ಸ್, ಒಂದರಲ್ಲಿ ಜಾಹೀರಾತುಗಳ ಪಟ್ಟಿ. ಶೀರ್ಷಿಕೆಯಲ್ಲಿದ್ದ ಆಶ್ಚರ್ಯ ಚಿಹ್ನೆ ತೆಗೆದು ಮತ್ತೆ ಕಳುಹಿಸಿದೆ, ಆಗಲೂ ಅಲ್ಲಿಗೇ ಹೋಯಿತು. ಇರಲಿ ಎಂದು ಬಿಟ್ಟೆ.

ಹಳೆಯ ಖಾತೆಯನ್ನು ಇನ್ನೂ ಮುಚ್ಚಿಲ್ಲ. ವಾರಕ್ಕೊಮ್ಮೆ ಅಲ್ಲಿನ ಅಂಕಿಅಂಶ ನೋಡುತ್ತೇನೆ. ಮೊದಲ ತಿಂಗಳು ಹಳೆಯ ವಿಳಾಸಕ್ಕೆ ಬರುವವರ ಸಂಖ್ಯೆ ಸರಸರನೆ ಇಳಿಯಿತು, ಈಗ ಒಂದು ಕಡೆ ನಿಂತುಬಿಟ್ಟಿದೆ. 301 ಎಂದರೇನೆಂದು ತಿಳಿಯದ ಯಾವುದೋ ಹಳೆಯ ಫೀಡ್ ರೀಡರ್ ಪ್ರತಿ ಗಂಟೆಗೂ ಅಲ್ಲಿಗೇ ಬಂದು, ಅಲ್ಲಿಂದ ನನ್ನ ಬಳಿಗೆ ಬಂದು ಹೋಗುತ್ತಿದೆ. ಅದರ ಹಿಂದೆ ಒಬ್ಬರೇ ಇದ್ದಾರೋ ಹತ್ತು ಮಂದಿ ಇದ್ದಾರೋ, ಅದು ತಿಳಿಯುವಂತಿಲ್ಲ.