12-13ರ ಸ್ಪ್ಯಾನರ್ ಎಲ್ಲಿ ಹೋಯಿತು? ಚಿಕ್ಕ ವರ್ಕ್‌ಶಾಪ್ ಓರಣವಾಗಿಡುವ ಬಗೆ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗೆಳೆಯರೊಬ್ಬರ ಲೇತ್ ಶೆಡ್ ಇದೆ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರಗಳ ಶೆಡ್. ಒಂದು ಬೆಳಿಗ್ಗೆ ಹೋದಾಗ ಯಂತ್ರಗಳೆಲ್ಲ ನಿಂತಿದ್ದವು, ಆರು ಜನ ಕೆಲಸಗಾರರು ಅತ್ತಿಂದಿತ್ತ ಓಡಾಡುತ್ತಿದ್ದರು. ಒಂದು ತುದಿ 12, ಇನ್ನೊಂದು ತುದಿ 13 ಎಂಎಂ ಅಳತೆಯ, ಬೋಲ್ಟು ಬಿಗಿಯುವ 12-13ರ ಸ್ಪ್ಯಾನರ್ ಕಾಣೆಯಾಗಿತ್ತು. ಎಂಟು ಎಂಎಂ ದಪ್ಪದ ಬೋಲ್ಟಿನ 13 ಎಂಎಂ ತಲೆಗೆ ಕೂರುವುದು ಅದೇ, ಹಾಗಾಗಿ ಅತಿ ಹೆಚ್ಚು ಕೈ ಬದಲಿಸುವುದೂ ಅದೇ. ಕೊನೆಗೆ ಹೊಸದೊಂದನ್ನು ತರಿಸಿದರು. ಮೂರು ಹಳೆಯವು ಶೆಡ್ಡಿನೊಳಗೇ ಇದ್ದವೆಂದು ತಿಳಿದದ್ದು ಆಮೇಲೆ, ಎಲ್ಲವನ್ನೂ ಹೊರಗೆಳೆದು ಗುಡಿಸಿದ ದಿನ.

ಹಾಗೆ ಗುಡಿಸಲು ಅನುಸರಿಸಿದ್ದು ಜಪಾನಿನ ಕಾರ್ಖಾನೆಗಳಿಂದ ಬಂದ 'ಫೈವ್ ಎಸ್' ಕ್ರಮ. ಸೆಯಿರಿ, ಸೆಯಿತೊನ್, ಸೆಯಿಸೊ, ಸೆಯಿಕೆತ್ಸು, ಶಿತ್ಸುಕೆ: ಬೇರ್ಪಡಿಸು, ಜೋಡಿಸು, ಶುಚಿಮಾಡು, ಕ್ರಮ ಗೊತ್ತುಮಾಡು, ರೂಢಿಸಿಕೋ. ದೊಡ್ಡ ಕಾರ್ಖಾನೆಗಳಲ್ಲಿ ಈ ಪದಗಳ ಬಣ್ಣದ ಫಲಕ ತೂಗುಹಾಕಿರುತ್ತಾರೆ. ಆ ಫಲಕದ ಕೆಳಗೇ ಒಡೆದ ರಟ್ಟಿನ ಪೆಟ್ಟಿಗೆಗಳ ರಾಶಿಯನ್ನೂ ನೋಡಿದ್ದೇನೆ.

ಮೊದಲ ಹೆಜ್ಜೆಯೇ ಕಷ್ಟದ್ದು. ಇಡೀ ಶೆಡ್ಡಿಗೆ ಒಮ್ಮೆಲೇ ಕೈ ಹಾಕಬೇಡಿ. ಒಂದು ಮೇಜು, ಒಂದು ಕಪಾಟು ಸಾಕು. ಅಲ್ಲಿರುವುದನ್ನೆಲ್ಲ ನೆಲಕ್ಕಿಳಿಸಿ. ಬಳಸುತ್ತೇವೋ ಇಲ್ಲವೋ ಎಂದು ಅನುಮಾನ ಬಂದ ಪ್ರತಿ ವಸ್ತುವಿಗೂ ಒಂದು ಕೆಂಪು ಚೀಟಿ ಕಟ್ಟಿ, ಅದರ ಮೇಲೆ ವಸ್ತುವಿನ ಹೆಸರು, ದಿನಾಂಕ, ಕಟ್ಟಿದವರ ಹೆಸರು ಬರೆಯಿರಿ. ಚೀಟಿ ಕಟ್ಟಿದ್ದೆಲ್ಲ ಒಂದು ಗೊತ್ತಾದ ಮೂಲೆಗೆ ಹೋಗಲಿ. 30 ದಿನ ಯಾರೂ ಕೇಳದಿದ್ದರೆ ಗುಜರಿಗೆ. ಇಲ್ಲಿ ಅಡ್ಡ ಬರುವುದು 'ಮುಂದೆ ಬೇಕಾದೀತು' ಎಂಬ ಮಾತು. ನಮ್ಮ ಅಟ್ಟಗಳು ತುಂಬಿರುವುದು ಈ ಮಾತಿನಿಂದಲೇ. ಗೆಳೆಯರು ಸುಟ್ಟುಹೋದ ಮೋಟಾರೊಂದನ್ನು ಹನ್ನೊಂದು ವರ್ಷ ಇಟ್ಟುಕೊಂಡಿದ್ದರು. ಅದನ್ನು ದಾಟಿ ಹೋಗಲು ಎಲ್ಲರೂ ಕಾಲೆತ್ತಿ ನಡೆಯುವುದನ್ನು ಕಲಿತಿದ್ದರು. ಈ ಬೇರ್ಪಡಿಸುವ ಕೆಲಸಕ್ಕೆ ಒಳ್ಳೆಯ ದಿನ ಯಾವುದೆಂದು ಕೇಳಿದರೆ, ಆಯುಧಪೂಜೆಯ ಹಿಂದಿನ ವಾರ ಎನ್ನುತ್ತೇನೆ. ಆಗ ಶುಚಿ ಮಾಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ.

ಉಳಿದದ್ದಕ್ಕೆ ಜಾಗ ಗೊತ್ತುಮಾಡುವುದು ಎರಡನೆಯದು. ಪ್ಲೈವುಡ್ ಹಲಗೆಯೊಂದನ್ನು ಗೋಡೆಗೆ ಹೊಡೆದು, ಸ್ಪ್ಯಾನರ್, ಇಕ್ಕಳ, ಸುತ್ತಿಗೆಗಳನ್ನು ಮೊಳೆಗೆ ನೇತುಹಾಕಿ, ಪ್ರತಿಯೊಂದರ ಸುತ್ತ ಬಣ್ಣದಲ್ಲಿ ಆಕಾರ ಬರೆಯಿರಿ. ಉಪಕರಣ ಹೋದರೆ ಖಾಲಿ ಆಕಾರ ದೂರದಿಂದಲೇ ಕಾಣುತ್ತದೆ. ದಿನವೂ ಬೇಕಾಗುವುದು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿರಲಿ, ಭಾರದ್ದು ಕೆಳಗೆ. ಓಡಾಡುವ ದಾರಿಗೆ ನೆಲದ ಮೇಲೆ ಹಳದಿ ಗೆರೆ ಎಳೆಯಿರಿ. ವಿದ್ಯುತ್ ಸ್ವಿಚ್‌ಬೋರ್ಡಿನ ಮುಂದೆ ಕನಿಷ್ಠ ಒಂದು ಮೀಟರ್ ಜಾಗ ಖಾಲಿ ಬಿಡಿ. ಬೆಂಕಿ ಆರಿಸುವ ಸಿಲಿಂಡರಿನ ಎದುರು ಸೈಕಲ್ಲನ್ನೂ ನಿಲ್ಲಿಸಬಾರದು. ಗ್ಯಾಸ್ ಸಿಲಿಂಡರ್‌ಗಳು ನೆಟ್ಟಗೆ ನಿಂತು, ಸರಪಳಿಯಲ್ಲಿ ಬಿಗಿದಿರಬೇಕು. ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ ಎಣ್ಣೆ, ಗ್ರೀಸ್ ಹಿಡಿದ ಕೈ ಸೋಕಲೇಕೂಡದು. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸೇರಿದರೆ ಕಿಡಿಯಿಲ್ಲದೆಯೂ ಬೆಂಕಿ ಹತ್ತಬಹುದು.

ಮೂರನೆಯದು ಶುಚಿ. ಇದನ್ನು ಕಸ ಗುಡಿಸುವ ಕೆಲಸವೆಂದು ಹೊಸ ಹುಡುಗನಿಗೆ ದಾಟಿಸುವುದು ತಪ್ಪು. ಯಂತ್ರ ನಡೆಸುವವನೇ ಅದನ್ನು ಒರೆಸಬೇಕು. ಒರೆಸುವಾಗಲೇ ಸಡಿಲ ನಟ್ಟು, ಸೀಳಿದ ಬೆಲ್ಟು, ಹನಿ ಹನಿಯಾಗಿ ಸೋರುವ ಎಣ್ಣೆ ಕಣ್ಣಿಗೆ ಬೀಳುತ್ತವೆ. ಲೇತಿನಲ್ಲಿ ಸುತ್ತಿಕೊಂಡ ಲೋಹದ ಸುರುಳಿಗಳನ್ನು ಯಂತ್ರ ನಿಲ್ಲಿಸಿ, ಕೊಕ್ಕೆ ಮತ್ತು ಬ್ರಷ್‌ನಿಂದಲೇ ತೆಗೆಯಬೇಕು. ಬರಿಗೈ ಹಾಕಿದರೆ ಬ್ಲೇಡಿನಂತೆ ಕುಯ್ಯುತ್ತವೆ. ತಿರುಗುವ ಲೇತಿನ ಬಳಿ ಕೈಗವಸು, ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ ಬೇಡ. ಕಂಪ್ರೆಸರ್ ಗಾಳಿಯಿಂದ ಮೈಮೇಲಿನ ಧೂಳು ಹಾರಿಸಿಕೊಳ್ಳುವ ಅಭ್ಯಾಸ ಬಹಳ ಕಡೆ ಇದೆ, ಕಣ್ಣು ಕಳೆದುಕೊಳ್ಳಲು ಅದೊಂದು ಸುಲಭ ದಾರಿ. ಎಣ್ಣೆ ಹಿಡಿದ ಚಿಂದಿಗೆ ಮುಚ್ಚಳವಿರುವ ತಗಡಿನ ಡಬ್ಬಿ ಇಟ್ಟು, ಗ್ರೈಂಡರಿನ ಕಿಡಿ ಸಿಡಿಯದ ದೂರದಲ್ಲಿರಿಸಿ.

ನಾಲ್ಕನೆಯದಕ್ಕೆ ಹೆಚ್ಚು ಮಾತು ಬೇಕಿಲ್ಲ. ಶುಚಿಯಾದ ದಿನವೇ ಒಂದು ಫೋಟೊ ತೆಗೆದು ಅದೇ ಗೋಡೆಗೆ ಅಂಟಿಸಿ. ಯಾವ ಕೆಲಸ, ಯಾರು, ಯಾವಾಗ ಎಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆಯಿರಿ. ಅವಧಿ ಎಷ್ಟಿರಲಿ ಎಂಬುದಕ್ಕೆ 1948ರ ಕಾರ್ಖಾನೆ ಕಾಯ್ದೆ ಒಂದು ಅಳತೆ ಕೊಟ್ಟಿತ್ತು: ಕೆಲಸದ ಕೋಣೆಯ ನೆಲವನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು, ಸುಣ್ಣದ ಗೋಡೆಗೆ 14 ತಿಂಗಳಿಗೊಮ್ಮೆಯಾದರೂ ಸುಣ್ಣ ಬಳಿಯಬೇಕು.

ಐದನೆಯದು ರೂಢಿ. ಕೆಲಸ ಮುಗಿಯುವ ಹತ್ತು ನಿಮಿಷ ಮೊದಲು ಎಲ್ಲ ಯಂತ್ರ ನಿಲ್ಲಲಿ, ಆ ಹತ್ತು ನಿಮಿಷಕ್ಕೂ ಕೂಲಿ ಇರಲಿ. ಕೂಲಿ ಮುಗಿದ ಮೇಲೆ ಗುಡಿಸಿ ಹೋಗಿ ಎಂದರೆ ಮೂರನೇ ದಿನಕ್ಕೆ ಎಲ್ಲ ಹಳೆಯ ಹಾಗೆಯೇ. ಗೆಳೆಯರ ಶೆಡ್ಡಿನಲ್ಲಿ ಪ್ರತಿಯೊಬ್ಬರಿಗೂ ಹೆಸರು ಬರೆದ ಬಿಲ್ಲೆಗಳಿವೆ. ಉಪಕರಣ ತೆಗೆದವರು ಆ ಮೊಳೆಗೆ ತಮ್ಮ ಬಿಲ್ಲೆ ಹಾಕಬೇಕು. ಎರಡನೇ ವಾರದಲ್ಲೇ 12-13ರ ಆಕಾರ ಮತ್ತೆ ಖಾಲಿಯಾಯಿತು, ಬಿಲ್ಲೆಯೂ ಇರಲಿಲ್ಲ. ಸಂಜೆ ಅದು ಮಾಲೀಕರ ಸ್ಕೂಟರಿನ ಡಿಕ್ಕಿಯಲ್ಲಿ ಸಿಕ್ಕಿತು. ಮಾರನೆಯ ದಿನ ಹುಡುಗರು ಕೇಳದೆಯೇ ಏಳನೆಯ ಬಿಲ್ಲೆಯೊಂದನ್ನು ಕತ್ತರಿಸಿ, ಅದರ ಮೇಲೆ ಸಾಹುಕಾರರ ಹೆಸರು ಬರೆದು ಇಟ್ಟಿದ್ದರು.